ಈ ಮಾತು ಯಾರ ಕಿವಿಗೆ ಹೋಗುತ್ತೆ?

ಕಾಲೇಜಿನ ಕೌನ್ಸೆಲಿಂಗ್ ರೂಮಿಗೆ ಮೊದಲ ಸಲ ಬರುವವರು ತಮ್ಮ ಕಷ್ಟದಿಂದ ಮಾತು ಶುರು ಮಾಡುವುದು ಕಡಿಮೆ. ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಬ್ಯಾಗು ತೊಡೆಯ ಮೇಲೆಯೇ ಇರುತ್ತದೆ. ಒಂದು ಸಲ ಬಾಗಿಲ ಕಡೆ ನೋಡಿ, "ಮೇಡಂ, ಇದು ಡಿಪಾರ್ಟ್‌ಮೆಂಟ್‌ಗೆ ಗೊತ್ತಾಗುತ್ತಾ?" ಅಂತ ಕೇಳುತ್ತಾರೆ. ಕೆಲವರು ಇನ್ನೂ ಸುತ್ತಿ ಬಳಸಿ ಬರುತ್ತಾರೆ. "ನನ್ನ ಫ್ರೆಂಡ್ ಒಬ್ಬನಿಗೆ ಸ್ವಲ್ಪ ಪ್ರಾಬ್ಲಂ ಇದೆ. ಅವನು ಇಲ್ಲಿಗೆ ಬಂದ್ರೆ ನೀವು ಮನೆಗೆ ಫೋನ್ ಮಾಡ್ತೀರಾ?" ಆ ಫ್ರೆಂಡ್ ಯಾರು ಅಂತ ಇಬ್ಬರಿಗೂ ಗೊತ್ತಿರುತ್ತದೆ. ನಾನೂ ಏನೂ ತಿಳಿಯದವಳ ಹಾಗೆ ಆ ಫ್ರೆಂಡಿಗೇ ಉತ್ತರ ಕೊಡುತ್ತೇನೆ. ಉತ್ತರ ಸರಿ ಅನಿಸಿದರೆ ಬ್ಯಾಗು ಕೆಳಗಿಳಿಯುತ್ತದೆ.

ಈ ಕೆಲಸದಲ್ಲಿ ಹಲವು ವರ್ಷ ಕಳೆದ ಮೇಲೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಒಂದು ಕಾಲೇಜಿನ ಕೌನ್ಸೆಲಿಂಗ್ ಹೇಗಿದೆ ಅಂತ ತಿಳಿಯಬೇಕಾದರೆ ಕೌನ್ಸೆಲರ್ ಏನು ಓದಿದ್ದಾರೆ, ರೂಮಿನಲ್ಲಿ ಎಂಥ ಸೋಫಾ ಇದೆ, ವರ್ಷಕ್ಕೆ ಎಷ್ಟು ಜಾಗೃತಿ ಕಾರ್ಯಕ್ರಮ ಮಾಡಿದರು ಅಂತೆಲ್ಲ ಆಮೇಲೆ ನೋಡಿದರಾಯಿತು. ಮೊದಲು "ನಾನು ಇಲ್ಲಿ ಹೇಳಿದ್ದು ಇನ್ಯಾರಿಗೆ ಗೊತ್ತಾಗುತ್ತೆ?" ಅಂತ ಕೇಳಿ ನೋಡಬೇಕು. ಅದಕ್ಕೆ ತಕ್ಷಣ ನೇರ ಉತ್ತರ ಸಿಗುವ ಕಾಲೇಜುಗಳು ಕಡಿಮೆ. ಬಹಳ ಕಡೆ "ಅಯ್ಯೋ, ಎಲ್ಲಾ ಕಾನ್ಫಿಡೆನ್ಷಿಯಲ್" ಅನ್ನುವ ಒಂದು ಮಾತು ಸಿಗುತ್ತದೆ. ಆ ಮಾತನ್ನು ವಿದ್ಯಾರ್ಥಿಗಳು ನಂಬುವುದಿಲ್ಲ. ನಂಬದಿರುವುದಕ್ಕೆ ಅವರ ಹತ್ತಿರ ಕಾರಣಗಳಿವೆ.

ಈ ಪೇಚು ನೂರು ವರ್ಷಕ್ಕಿಂತ ಹಳೆಯದು. 1910ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗಾಗಿಯೇ ಮಾನಸಿಕ ಆರೋಗ್ಯದ ಸೇವೆ ಶುರುವಾಯಿತು. ಆ ದೇಶದ ಕಾಲೇಜುಗಳಲ್ಲಿ ಇದೇ ಮೊದಲನೆಯದು ಅನ್ನುತ್ತಾರೆ. ಸ್ಟುವರ್ಟ್ ಪೇಟನ್ ಅನ್ನುವ ಮನೋವೈದ್ಯರು ಅದರ ಹಿಂದಿದ್ದರು. ಓದಿನಲ್ಲಿ ಚುರುಕಾಗಿದ್ದ ಹುಡುಗರೇ ಮನಸ್ಸಿನ ತೊಂದರೆಯಿಂದ ಓದು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಅದನ್ನು ತಡೆಯಬೇಕು ಅನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ಹುಡುಗನಿಗೆ ನೆಮ್ಮದಿ ಬೇಕಿತ್ತು, ಕಾಲೇಜಿಗೆ ಹುಡುಗ ಬೇಕಿತ್ತು. ಅಂದರೆ ಹುಟ್ಟಿದ ದಿನದಿಂದ ಈ ಸೇವೆಗೆ ಇಬ್ಬರು ಯಜಮಾನರು. ಹೆಚ್ಚಿನ ದಿನ ಇಬ್ಬರಿಗೂ ಬೇಕಾದ್ದು ಒಂದೇ ಆಗಿರುತ್ತದೆ. ಆಗದ ದಿನ ಕೌನ್ಸೆಲರ್ ಯಾರ ಪರ ಅನ್ನುವುದೇ ಪ್ರಶ್ನೆ.

ಈ ವಯಸ್ಸಿನವರಿಗೇ ಯಾಕೆ ಇಷ್ಟೊಂದು ಗಮನ ಅಂತ ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ 2005ರಲ್ಲಿ ಹೊರಬಂತು. ಜೀವನದಲ್ಲಿ ಎಂದಾದರೂ ಮಾನಸಿಕ ಕಾಯಿಲೆ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು 14 ವರ್ಷದೊಳಗೆ, ಮುಕ್ಕಾಲು ಪಾಲು ಮಂದಿಗೆ 24 ವರ್ಷದೊಳಗೆ ಶುರುವಾಗಿರುತ್ತದಂತೆ. ಕಾಲೇಜಿನ ವರ್ಷಗಳು ಸರಿಯಾಗಿ ಇದರ ಮಧ್ಯೆ ಬೀಳುತ್ತವೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಮಾಡಿದ ಇನ್ನೊಂದು ಸಮೀಕ್ಷೆ ಬಂತು. 8 ದೇಶಗಳ 19 ಕಾಲೇಜುಗಳಲ್ಲಿ, ಮೊದಲ ವರ್ಷದ ಸುಮಾರು 14,000 ವಿದ್ಯಾರ್ಥಿಗಳನ್ನು ಕೇಳಿದ್ದರು. ಖಿನ್ನತೆ, ಆತಂಕ, ಕುಡಿತದಂಥ ಯಾವುದಾದರೂ ಒಂದು ತೊಂದರೆಯ ಲಕ್ಷಣ ಶೇ. 35ರಷ್ಟು ಮಂದಿಯಲ್ಲಿ ಎಂದಾದರೊಮ್ಮೆ ಇತ್ತು. ಅಂದರೆ ಮೂರರಲ್ಲಿ ಒಬ್ಬರು.

ಅಷ್ಟು ಮಂದಿ ನಮ್ಮ ಬಾಗಿಲಿಗೆ ಬರುತ್ತಾರಾ? ಖಂಡಿತ ಇಲ್ಲ. ಬರದಿರಲು ಹತ್ತಾರು ಕಾರಣ. ತಾನಾಗಿಯೇ ಸರಿಹೋಗುತ್ತೆ ಅನ್ನುವವರು ಇದ್ದಾರೆ. ಟೈಮಿಲ್ಲ ಅನ್ನುವವರು, ಮಾತಾಡಿದರೆ ಏನು ಬದಲಾಗುತ್ತೆ ಅನ್ನುವವರೂ ಇದ್ದಾರೆ. ಇವನ್ನೆಲ್ಲ ಕಾಲೇಜು ಒಂದೇ ದಿನದಲ್ಲಿ ಬದಲಿಸಲಾರದು. ಯಾರಿಗೆ ಗೊತ್ತಾಗುತ್ತೋ ಅನ್ನುವ ಭಯವನ್ನು ಮಾತ್ರ ಹೆಚ್ಚು ಖರ್ಚಿಲ್ಲದೆ ಕಡಿಮೆ ಮಾಡಬಹುದು.

ಮೊದಲಿಗೆ ರೂಮು ಎಲ್ಲಿದೆ ಅನ್ನುವುದನ್ನೇ ತೆಗೆದುಕೊಳ್ಳಿ. ಎಷ್ಟೋ ಕಾಲೇಜುಗಳಲ್ಲಿ ಪ್ರಿನ್ಸಿಪಾಲರ ಆಫೀಸಿನ ಪಕ್ಕದಲ್ಲೇ ಇದಕ್ಕೊಂದು ಜಾಗ ಕೊಟ್ಟಿರುತ್ತಾರೆ. ಗೌರವ ಕೊಟ್ಟ ಹಾಗೆ ಅಂತ ಅವರ ಲೆಕ್ಕ. ಆ ಕಾರಿಡಾರಿನಲ್ಲಿ ಹಗಲೆಲ್ಲ ಲೆಕ್ಚರರ್‌ಗಳು ಓಡಾಡುತ್ತಿರುತ್ತಾರೆ. ಬಾಗಿಲ ಮೇಲೆ ದೊಡ್ಡಕ್ಷರದ ಬೋರ್ಡು. ಹೊರಗೆ ಒಂದು ಬೆಂಚು. ಆ ಬೆಂಚಿನ ಮೇಲೆ ಕೂತವರನ್ನು ನೋಡಿದವರೆಲ್ಲ "ಏನಮ್ಮಾ ಇಲ್ಲಿ?" ಅಂತ ಕೇಳಿಯೇ ಮುಂದೆ ಹೋಗುತ್ತಾರೆ. ಕೇಳುವುದರಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಆದರೆ ಆ ಹುಡುಗಿ ಮುಂದಿನ ವಾರ ಬರುವುದಿಲ್ಲ. ಇದಕ್ಕಿಂತ ಲೈಬ್ರರಿ, ಜಿಮ್, ಪ್ಲೇಸ್‌ಮೆಂಟ್ ಸೆಲ್, ಡಾಕ್ಟರ್ ರೂಮು ಎಲ್ಲಾ ಇರುವ ಕಟ್ಟಡದಲ್ಲಿ ಒಂದು ಮೂಲೆ ಸಿಕ್ಕರೂ ಎಷ್ಟೋ ವಾಸಿ. ಆ ಕಟ್ಟಡದೊಳಗೆ ಹೋದವರು ಎಲ್ಲಿಗೆ ಹೋದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸಾಧ್ಯವಿದ್ದರೆ ಒಳಬರುವ ಬಾಗಿಲು ಒಂದು, ಹೊರಹೋಗುವ ಬಾಗಿಲು ಇನ್ನೊಂದು. ಅತ್ತು ಕಣ್ಣು ಕೆಂಪಾಗಿ ಹೊರಬರುವವರಿಗೆ ಎದುರಿಗೇ ಕ್ಲಾಸ್‌ಮೇಟ್ ಕಾಯುತ್ತಾ ಕೂತಿರಬಾರದು, ಅಲ್ವಾ?

ಆಮೇಲೆ ರಿಜಿಸ್ಟರ್. ಇದೊಂದು ಕಾಟ. ಮೇಜಿನ ಮೇಲೆ ಉದ್ದನೆಯ ಪುಸ್ತಕ ಬಿಡಿಸಿಟ್ಟಿರುತ್ತಾರೆ. ಹೆಸರು, ಕ್ಲಾಸು, ರೋಲ್ ನಂಬರ್, ಬಂದ ಕಾರಣ, ಸಹಿ. "ಬಂದ ಕಾರಣ" ಅನ್ನುವ ಕಾಲಂ ಯಾರ ತಲೆಯಿಂದ ಬಂತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೊಸದಾಗಿ ಬಂದವರು ಪೆನ್ನು ಹಿಡಿದು, ತಮ್ಮ ಸಾಲಿಗಿಂತ ಮೊದಲು ಮೇಲಿನ ಸಾಲುಗಳನ್ನು ಓದುತ್ತಾರೆ. ಓದಿದ ಮೇಲೆ ತಾವು ಬರೆದದ್ದನ್ನೂ ನಾಳೆ ಇನ್ನೊಬ್ಬರು ಓದುತ್ತಾರೆ ಅಂತ ಹೊಳೆಯುತ್ತದೆ. ಕಾರಣ ಅನ್ನುವ ಕಡೆ "ಜನರಲ್" ಅಂತ ಬರೆಯುತ್ತಾರೆ. ಇಡೀ ಪುಟ ಜನರಲ್, ಜನರಲ್, ಜನರಲ್. ತಪಾಸಣೆಗೆ ಬಂದವರಿಗೆ ತೋರಿಸಲು ಸಂಖ್ಯೆ ಬೇಕು ಅನ್ನುವುದು ಇದರ ಹಿಂದಿನ ಕಥೆ. ಸಂಖ್ಯೆ ಬೇಕಾದರೆ ಸಂಖ್ಯೆಯನ್ನೇ ಕೊಡಬಹುದು. ಈ ತಿಂಗಳು ಇಷ್ಟು ಮಂದಿ ಬಂದರು, ಇಷ್ಟು ಸಲ ಬಂದರು ಅಂದರೆ ಮುಗಿಯಿತು. ಹೆಸರು ಯಾಕೆ?

ಫೋನಿಗೆ ಹೋಗುವ ಮೆಸೇಜಿಗೂ ಇದೇ ಮಾತು. "ನಿಮ್ಮ ಕೌನ್ಸೆಲಿಂಗ್ ಅಪಾಯಿಂಟ್‌ಮೆಂಟ್ ನಾಳೆ 11ಕ್ಕೆ" ಅಂತ ಮೆಸೇಜು ಹೋಗುತ್ತದೆ. ಆ ಹೊತ್ತಿಗೆ ಫೋನು ಕ್ಯಾಂಟೀನ್ ಮೇಜಿನ ಮೇಲೆ ನಾಲ್ಕು ಜನರ ಮಧ್ಯೆ ಮಲಗಿರುತ್ತದೆ. "ನಾಳೆ 11ಕ್ಕೆ ಭೇಟಿ ಇದೆ" ಅಂತಷ್ಟೇ ಇದ್ದರೂ ಸಾಕಿತ್ತು.

ಇವೆಲ್ಲ ಸಣ್ಣಪುಟ್ಟ ವಿಷಯ ಅನಿಸಬಹುದು. ದೊಡ್ಡ ವಿಷಯ ಫೈಲಿನದು. ನಾನು ಬರೆಯುವ ನೋಟ್ಸ್ ಯಾರದು? ನನ್ನದಾ, ವಿದ್ಯಾರ್ಥಿಯದಾ, ಸಂಬಳ ಕೊಡುವ ಕಾಲೇಜಿನದಾ? ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದಲ್ಲಿ ಈ ಪ್ರಶ್ನೆ ಬೀದಿಗೆ ಬಂತು. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು ಅಂತ ದೂರು ಕೊಟ್ಟಿದ್ದಳು. ವಿಶ್ವವಿದ್ಯಾಲಯ ಅದನ್ನು ಸರಿಯಾಗಿ ನಿಭಾಯಿಸಲಿಲ್ಲ ಅಂತ ಆಮೇಲೆ ಅದರ ಮೇಲೆಯೇ ಮೊಕದ್ದಮೆ ಹೂಡಿದಳು. ಈ ಜಗಳದ ನಡುವೆ ವಿಶ್ವವಿದ್ಯಾಲಯದ ವಕೀಲರ ಕಚೇರಿ, ತನ್ನದೇ ಕೌನ್ಸೆಲಿಂಗ್ ಕೇಂದ್ರದಿಂದ ಅವಳ ದಾಖಲೆಗಳನ್ನು ಅವಳ ಒಪ್ಪಿಗೆಯಿಲ್ಲದೆ ತರಿಸಿಕೊಂಡಿತು. ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವರೇ ಬಹಿರಂಗವಾಗಿ ಇದನ್ನು ವಿರೋಧಿಸಿದರು. ದೊಡ್ಡ ಗಲಾಟೆಯಾಯಿತು. 2015ರಲ್ಲಿ ಓರೆಗಾನ್ ರಾಜ್ಯ ತನ್ನ ಕಾನೂನನ್ನೇ ಬಿಗಿ ಮಾಡಿತು. 2016ರಲ್ಲಿ ಅಲ್ಲಿನ ಕೇಂದ್ರ ಶಿಕ್ಷಣ ಇಲಾಖೆ ಎಲ್ಲ ಕಾಲೇಜುಗಳಿಗೂ ಪತ್ರ ಬರೆಯಿತು. ವಿದ್ಯಾರ್ಥಿಯ ಜೊತೆ ಕೋರ್ಟಿನಲ್ಲಿ ಜಗಳವಿದ್ದಾಗ ಒಪ್ಪಿಗೆ ಅಥವಾ ಕೋರ್ಟಿನ ಆದೇಶವಿಲ್ಲದೆ ಚಿಕಿತ್ಸೆಯ ಕಾಗದಗಳನ್ನು ಮುಟ್ಟಬಾರದು ಅಂತ ಅದರ ಸಾರಾಂಶ. ಅವಳು ತನ್ನ ಕಷ್ಟ ಹೇಳಿಕೊಂಡದ್ದು ಒಬ್ಬ ಥೆರಪಿಸ್ಟ್ ಹತ್ತಿರ. ಅದು ಹೋಗಿ ಸೇರಿದ್ದು ಎದುರು ಪಕ್ಷದ ವಕೀಲರ ಕಚೇರಿಗೆ. ಇಂಥದ್ದು ಒಂದೇ ಸಲ ನಡೆದರೂ ಸಾಕು, ಮುಂದಿನ ಹತ್ತು ಬ್ಯಾಚಿನವರು ಆ ಬಾಗಿಲಿಗೆ ಬರುವುದಿಲ್ಲ.

ಕಾಗದಗಳು ಕಳೆದುಹೋಗುವುದೂ ಉಂಟು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ನಡೆದ ಗುಂಡಿನ ದಾಳಿಯ ನಂತರ, ದಾಳಿ ಮಾಡಿದ ವಿದ್ಯಾರ್ಥಿಯ ಕೌನ್ಸೆಲಿಂಗ್ ದಾಖಲೆಗಳನ್ನು ಹುಡುಕಿದರು. ಸಿಗಲಿಲ್ಲ. ಎರಡು ವರ್ಷ ಕಳೆದು 2009ರಲ್ಲಿ ಅವು ಅಲ್ಲಿನ ಕೌನ್ಸೆಲಿಂಗ್ ಕೇಂದ್ರದ ಹಿಂದಿನ ನಿರ್ದೇಶಕರ ಮನೆಯಲ್ಲಿ ಸಿಕ್ಕವು. ಕೆಲಸ ಬಿಡುವಾಗ ಬೇರೆ ಕಾಗದಗಳ ಜೊತೆ ಗೊತ್ತಿಲ್ಲದೆ ಹೊರಟು ಬಂದಿದ್ದವಂತೆ. ಅತಿ ಗುಟ್ಟಿನ ಕಾಗದಗಳ ಗತಿ ಇದು.

ಹಾಗಾಗಿ ನಾನು ಕಡಿಮೆ ಬರೆಯುತ್ತೇನೆ. "ಪರೀಕ್ಷೆಯ ಆತಂಕ. ನಿದ್ದೆ ಮೂರ್ನಾಲ್ಕು ಗಂಟೆ. ಉಸಿರಾಟದ ಅಭ್ಯಾಸ ತೋರಿಸಿದೆ. ಮುಂದಿನ ವಾರ." ಯಾರ ಮೇಲೆ ಕೋಪ, ಯಾರ ಜೊತೆ ಪ್ರೀತಿ, ಯಾವ ಲೆಕ್ಚರರ್ ಏನಂದರು ಅನ್ನುವುದೆಲ್ಲ ಅಲ್ಲಿ ಇರಬೇಕಾಗಿಲ್ಲ. ಅಪಾಯದ ಮಾತು ಬಂದಿದ್ದರೆ ಮಾತ್ರ ಪೂರ್ತಿ ಬರೆಯುತ್ತೇನೆ. ಏನು ಕೇಳಿದೆ, ಏನು ಹೇಳಿದರು, ಏನು ಮಾಡಿದೆವು, ಎಲ್ಲ. ಅಲ್ಲಿ ಉಳಿತಾಯ ಮಾಡಬಾರದು. ಬರೆದದ್ದನ್ನು ನೋಡಬೇಕು ಅಂತ ವಿದ್ಯಾರ್ಥಿ ಕೇಳಿದರೆ ಕೂತು ಜೊತೆಗೇ ಓದುತ್ತೇನೆ. ಓದಿದ ಎಷ್ಟೋ ಜನ "ಇಷ್ಟೇನಾ?" ಅಂದಿದ್ದಾರೆ.

ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಲೂ ಬಾರದು. ಅದು ಸುಳ್ಳಾಗುತ್ತದೆ. ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ ಅಮೆರಿಕದ ಬರ್ಕ್ಲಿ ಅನ್ನುವ ಊರಿನದು. 1969ರಲ್ಲಿ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ, ಅಲ್ಲಿನ ಆರೋಗ್ಯ ಕೇಂದ್ರದ ಮನಶ್ಶಾಸ್ತ್ರಜ್ಞರ ಮುಂದೆ ಒಬ್ಬ ಹುಡುಗಿಯನ್ನು ಕೊಲ್ಲುತ್ತೇನೆ ಅಂದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ಹಿಡಿದು ವಿಚಾರಿಸಿ, ಸರಿಯಾಗಿಯೇ ಇದ್ದಾನೆ ಅಂತ ಬಿಟ್ಟರು. ಹುಡುಗಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ. ಆ ಅಕ್ಟೋಬರಿನಲ್ಲಿ ಅವನು ಅವಳನ್ನು ಕೊಂದ. ತರಾಸಾಫ್ ಅನ್ನುವುದು ಅವಳ ಮನೆತನದ ಹೆಸರು, ಮೊಕದ್ದಮೆಗೂ ಅದೇ ಹೆಸರು. ಇನ್ನೊಬ್ಬರ ಜೀವಕ್ಕೆ ಅಪಾಯವಿದೆ ಅಂತ ಗೊತ್ತಾದಾಗ ಅವರನ್ನು ಕಾಪಾಡುವುದು ಚಿಕಿತ್ಸಕರ ಹೊಣೆ ಅಂತ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ಪ್ರಪಂಚದ ಎಷ್ಟೋ ಕಡೆ ಕೌನ್ಸೆಲರ್‌ಗಳು ಓದುವಾಗ ಈ ತೀರ್ಪನ್ನು ಓದಿಯೇ ಇರುತ್ತಾರೆ.

ಹೀಗಾಗಿ ಮೊದಲ ಭೇಟಿಯಲ್ಲೇ ಬೇಲಿ ಎಲ್ಲಿದೆ ಅಂತ ತೋರಿಸಿಬಿಡುತ್ತೇನೆ. ನಿಮ್ಮ ಜೀವಕ್ಕೆ ತಕ್ಷಣದ ಅಪಾಯವಿದ್ದರೆ, ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಕೋರ್ಟ್ ಆದೇಶ ಮಾಡಿದರೆ ನಾನು ಸುಮ್ಮನಿರಲಾರೆ. ಆಗಲೂ ಮೊದಲು ನಿಮಗೇ ಹೇಳಿ ಆಮೇಲೆ ಹೇಳುತ್ತೇನೆ. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಕಷ್ಟದ ವಿಷಯಗಳನ್ನು ನಾನು ನನಗಿಂತ ಹಿರಿಯರಾದ ಒಬ್ಬ ಕೌನ್ಸೆಲರ್ ಜೊತೆ ಚರ್ಚೆ ಮಾಡುತ್ತೇನೆ. ಹೆಸರು, ಕ್ಲಾಸು ಹೇಳುವುದಿಲ್ಲ. ಈ ಕೆಲಸ ಮಾಡುವವರೆಲ್ಲ ಹಾಗೆ ಮಾಡಬೇಕು, ಮಾಡದಿದ್ದರೇ ತಪ್ಪು. ಫಾರಂ ಕೊಟ್ಟು "ಓದಿ ಸಹಿ ಹಾಕಿ" ಅಂದರೆ ಯಾರೂ ಓದುವುದಿಲ್ಲ. ಅದಕ್ಕೆ ಬಾಯಿಬಿಟ್ಟು ಹೇಳುತ್ತೇನೆ. ಬೇಲಿ ಕಂಡ ಮೇಲೆ ಮಾತು ನಿಂತುಹೋಗುತ್ತದೆ ಅಂತ ಹೊಸ ಕೌನ್ಸೆಲರ್‌ಗಳು ಹೆದರುತ್ತಾರೆ. ನಾನು ನೋಡಿದ ಮಟ್ಟಿಗೆ ಅದು ಉಲ್ಟಾ. ಎಲ್ಲಿಯವರೆಗೆ ಧೈರ್ಯವಾಗಿ ಮಾತಾಡಬಹುದು ಅಂತ ಗೊತ್ತಾದವರು ಅಲ್ಲಿಯವರೆಗೂ ಮಾತಾಡುತ್ತಾರೆ.

ಇದೆಲ್ಲ ನಿಜವಾಗಿ ಪರೀಕ್ಷೆಗೆ ಬೀಳುವುದು ಒಂದು ಪುಟದ ಕಾಗದದ ಮೇಲೆ. ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆ. 2001ರಿಂದ ಬಳಕೆಯಲ್ಲಿದೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಖಿನ್ನತೆ ಇದೆಯಾ ಅಂತ ಇನ್ನಷ್ಟು ವಿಚಾರಿಸಬೇಕು ಅಂತ ಲೆಕ್ಕ. ನಿದ್ದೆ, ಹಸಿವು, ಸುಸ್ತು, ಗಮನ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹೀಗೆ ಎಂಟು ಪ್ರಶ್ನೆಗಳಿಗೆ ಹುಡುಗರು ಸರಸರ ಟಿಕ್ ಹಾಕುತ್ತಾರೆ. ಒಂಬತ್ತನೆಯದು ಸತ್ತುಹೋದರೆ ಒಳ್ಳೆಯದಿತ್ತು ಅನ್ನುವ, ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಪೆನ್ನು ನಿಲ್ಲುತ್ತದೆ. ಕೆಲವರು ಅದೇ ಪ್ರಶ್ನೆಯನ್ನು ಮತ್ತೆ ಓದುತ್ತಾರೆ. ಕೆಲವರು ತಲೆಯೆತ್ತಿ ನನ್ನ ಮುಖ ನೋಡುತ್ತಾರೆ. ಒಬ್ಬ ಹುಡುಗ 1ಕ್ಕೆ ಟಿಕ್ ಹಾಕಿ, ಅದನ್ನು ಹೊಡೆದು, 0ಗೆ ಹಾಕಿ ಕಾಗದವನ್ನು ತಿರುಗಿಸಿ ಕೊಟ್ಟ. ಹೊಡೆದ ಗೆರೆ ಕಾಗದದ ಹಿಂಬದಿಗೂ ಮೂಡಿತ್ತು.

ಅವನ ಹತ್ತಿರ ನಾನು ಟಿಕ್ ಬಗ್ಗೆ ಕೇಳಲಿಲ್ಲ. "ಇಲ್ಲಿ ಹೌದು ಅಂದ್ರೆ ಏನಾಗುತ್ತೆ ಅಂತ ಹೇಳ್ಲಾ?" ಅಂದೆ. ತಲೆಯಾಡಿಸಿದ. ಸಾಯುವ ಯೋಚನೆ ಬರುವುದು ಬೇರೆ, ಹೇಗೆ ಯಾವಾಗ ಅಂತ ತೀರ್ಮಾನ ಮಾಡಿಕೊಳ್ಳುವುದು ಬೇರೆ. ಯೋಚನೆ ಬಂದಿದೆ ಅಂದ ಮಾತ್ರಕ್ಕೆ ನಾನು ಫೋನ್ ಎತ್ತುವುದಿಲ್ಲ. ಇನ್ನೊಂದಿಷ್ಟು ಪ್ರಶ್ನೆ ಕೇಳುತ್ತೇನೆ. ಆಮೇಲೆ ಇಬ್ಬರೂ ಸೇರಿ ಒಂದು ಹಾಳೆ ಬರೆಯುತ್ತೇವೆ. ಅದರಲ್ಲಿ ಒಂದು ಕ್ರಮ ಇರುತ್ತದೆ. ಮನಸ್ಸು ಕೆಡುತ್ತಿದೆ ಅಂತ ತಿಳಿಸುವ ಗುರುತುಗಳು ಯಾವುವು, ಆಗ ಒಬ್ಬರೇ ಏನು ಮಾಡಬಹುದು, ಯಾರ ಜೊತೆ ಎಲ್ಲಿ ಕೂತರೆ ಯೋಚನೆ ಬೇರೆ ಕಡೆ ಹೋಗುತ್ತದೆ, ಯಾರ ಹತ್ತಿರ ಬಾಯಿಬಿಟ್ಟು ಸಹಾಯ ಕೇಳಬಹುದು, ಯಾವ ಡಾಕ್ಟರ್ ಅಥವಾ ಸಹಾಯವಾಣಿಗೆ ಫೋನ್ ಮಾಡಬೇಕು, ಕೈಗೆ ಸಿಗುವ ಅಪಾಯದ ವಸ್ತುಗಳನ್ನು ಹೇಗೆ ದೂರ ಇಡಬೇಕು. ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ರೂಪಿಸಿದ ಕ್ರಮ ಇದು. ಆ ಹಾಳೆ ವಿದ್ಯಾರ್ಥಿಯ ಜೇಬಿನಲ್ಲಿರುತ್ತದೆ. ಇಷ್ಟು ಕೇಳಿದ ಮೇಲೆ ಆ ಹುಡುಗ ಕಾಗದ ವಾಪಸ್ ಕೇಳಿದ. ಈ ಸಲ 2ಕ್ಕೆ ಟಿಕ್ ಹಾಕಿದ.

ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗುತ್ತೆ ಅಂತ ಬಹಳ ಜನ ನಂಬಿದ್ದಾರೆ, ಲೆಕ್ಚರರ್‌ಗಳೂ ಸೇರಿ. ಹಾಗಾಗುವುದಿಲ್ಲ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನೇರವಾಗಿ, ಸಮಾಧಾನವಾಗಿ ಕೇಳಬಹುದು.

ಅಂಥ ಹುಡುಗರು ಸುಮ್ಸುಮ್ನೆ ಹೆದರುತ್ತಾರೆ ಅನ್ನಬೇಡಿ. ಹೇಳಿದರೆ ಕಾಲೇಜಿನಿಂದಲೇ ಹೊರಗೆ ಕಳಿಸುತ್ತಾರೆ ಅನ್ನುವ ಭಯಕ್ಕೆ ಆಧಾರ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೇಲೆ 2022ರ ನವೆಂಬರಿನಲ್ಲಿ ಇದೇ ವಿಷಯಕ್ಕೆ ಮೊಕದ್ದಮೆ ಬಿತ್ತು. ಮಾನಸಿಕ ತೊಂದರೆ ಇರುವವರ ಮೇಲೆ ರಜೆ ಹಾಕಿ ಹೋಗುವಂತೆ ಒತ್ತಡ ಹಾಕುತ್ತಾರೆ, ವಾಪಸ್ ಸೇರಿಕೊಳ್ಳುವುದನ್ನು ಕಷ್ಟ ಮಾಡುತ್ತಾರೆ ಅನ್ನುವುದು ದೂರು. ಕೆಲವೇ ತಿಂಗಳಲ್ಲಿ ಯೇಲ್ ನಿಯಮ ಬದಲಿಸಿತು. 2023ರ ಆಗಸ್ಟಿನಲ್ಲಿ ರಾಜಿಯಾಯಿತು. ರಜೆಯಲ್ಲಿರುವವರ ಆರೋಗ್ಯ ವಿಮೆ ಮುಂದುವರಿಸಲು, ಕಷ್ಟದ ಅವಧಿಯಲ್ಲಿ ಕಡಿಮೆ ವಿಷಯ ತೆಗೆದುಕೊಂಡು ಓದಲು ದಾರಿಯಾಯಿತು. ಹೇಳಿಕೊಂಡದ್ದಕ್ಕೆ ಶಿಕ್ಷೆ ಆಗುತ್ತೆ ಅಂತ ಒಂದು ಸಲ ಗೊತ್ತಾದರೆ ಯಾರು ತಾನೇ ಹೇಳಿಕೊಳ್ಳುತ್ತಾರೆ?

ಇನ್ನು ಅಪ್ಪ ಅಮ್ಮ. ಮಗ ಹೀಗಿದ್ದಾನೆ ಅಂತ ನಮಗೆ ಯಾಕೆ ಹೇಳಲಿಲ್ಲ ಅಂತ ಅವರು ಕೇಳಿದರೆ ಅದಕ್ಕೆ ಎದುರು ವಾದ ಮಾಡುವ ಮನಸ್ಸು ನನಗಿಲ್ಲ. ಹದಿನೆಂಟು ದಾಟಿದವರ ಮಾತು ಅವರದ್ದೇ ಅನ್ನುವುದು ಕಾನೂನಿನ ಉತ್ತರ. ಕಳೆದುಕೊಂಡವರ ಮುಂದೆ ಆ ಉತ್ತರ ನಿಲ್ಲುವುದಿಲ್ಲ. ಈ ಜಗಳಕ್ಕೆ ನನಗೆ ಒಪ್ಪಿಗೆಯಾದ ದಾರಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ್ದು. ಕೆಲವು ವಿದ್ಯಾರ್ಥಿಗಳು ಜೀವ ಕಳೆದುಕೊಂಡ ಮೇಲೆ, 2018ರಿಂದ ಅವರು ದಾಖಲಾತಿಯ ಸಮಯದಲ್ಲೇ ಕೇಳತೊಡಗಿದರು. ನಿಮ್ಮ ಬಗ್ಗೆ ನಮಗೆ ಗಂಭೀರ ಚಿಂತೆಯಾದರೆ ಯಾರಿಗೆ ತಿಳಿಸಬೇಕು, ಅಮ್ಮನಿಗಾ, ಅಪ್ಪನಿಗಾ, ಸ್ನೇಹಿತರಿಗಾ? ಒಪ್ಪಿಗೆ ಇದೆಯಾ? ಶೇ. 90ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳು ಒಪ್ಪಿದರು. ನನಗೆ ಇದು ಬಹಳ ಹಿಡಿಸಿತು. ಮನೆಗೆ ಗೊತ್ತಾಗಲೇಬಾರದು ಅಂತ ಹುಡುಗರು ಹಟ ಹಿಡಿದಿರಲಿಲ್ಲ. ತಮ್ಮನ್ನು ಕೇಳದೆ, ತಮ್ಮ ಬೆನ್ನ ಹಿಂದೆ ಹೇಳಬಾರದು ಅಷ್ಟೇ. ಯಾರಿಗೆ ಹೇಳಬೇಕು ಅನ್ನುವ ಆಯ್ಕೆಯೂ ಮುಖ್ಯ. ಮನೆಯೇ ಕಷ್ಟದ ಮೂಲವಾಗಿರುವವರು ಚಿಕ್ಕಮ್ಮನ ಹೆಸರು ಬರೆಯಬಹುದು, ಅಕ್ಕನ ಹೆಸರು ಬರೆಯಬಹುದು.

ಲೆಕ್ಚರರ್‌ಗಳ ವಿಷಯ ಸ್ವಲ್ಪ ಸೂಕ್ಷ್ಮ. ಅವರು ಕಾಳಜಿಯಿಂದಲೇ ಒಬ್ಬರನ್ನು ನನ್ನ ಹತ್ತಿರ ಕಳಿಸುತ್ತಾರೆ. ಮರುದಿನ ಸ್ಟಾಫ್ ರೂಮಿನಲ್ಲಿ "ಬಂದಿದ್ನಾ? ಏನಂತೆ?" ಅಂತ ಕೇಳುತ್ತಾರೆ. ಬಂದಿದ್ದನೋ ಇಲ್ಲವೋ ಅನ್ನುವುದನ್ನೂ ನಾನು ಹೇಳುವಂತಿಲ್ಲ. ಹಾಗಂದಾಗ ಕೆಲವರ ಮುಖ ಸಪ್ಪಗಾಗುತ್ತದೆ. "ನಾನೇ ಅಲ್ವಾ ಕಳಿಸಿದ್ದು?" ಈ ರಸ್ತೆಯಲ್ಲಿ ಒಂದೇ ದಿಕ್ಕಿನ ಓಡಾಟ ಅಂತ ಹೇಳುತ್ತೇನೆ. ಅವನು ಕ್ಲಾಸಿನಲ್ಲಿ ಹೇಗಿದ್ದಾನೆ, ಅಸೈನ್‌ಮೆಂಟ್ ನಿಲ್ಲಿಸಿ ಎಷ್ಟು ದಿನವಾಯಿತು ಅಂತ ನನಗೆ ಹೇಳಬಹುದು. ನನ್ನ ಕಡೆಯಿಂದ ವಾಪಸ್ ಏನೂ ಬರುವುದಿಲ್ಲ. ತಿಳಿಯಬೇಕಾದರೆ ಅವನನ್ನೇ "ಹೇಗಿದೀಯಪ್ಪ ಈಗ?" ಅಂತ ಕೇಳಲಿ. ಎಷ್ಟೋ ಸಲ ನನ್ನ ಒಂದು ಗಂಟೆಯ ಮಾತಿಗಿಂತ ಲೆಕ್ಚರರ್ ಬಾಯಿಂದ ಬಂದ ಆ ಒಂದು ಪ್ರಶ್ನೆ ಜಾಸ್ತಿ ಕೆಲಸ ಮಾಡುತ್ತದೆ.

ಸೈಕಾಲಜಿ ಪಾಠ ಮಾಡುವವರಿಗೇ ಕೌನ್ಸೆಲಿಂಗ್ ಜವಾಬ್ದಾರಿಯನ್ನೂ ಕೊಡುವ ಪದ್ಧತಿ ಇದೆ. ಇದು ಬೇಡ ಅನ್ನುವುದು ನನ್ನ ಖಡಕ್ ಅಭಿಪ್ರಾಯ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಸೋಮವಾರ ಕಣ್ಣೀರು ನೋಡಿ ಶುಕ್ರವಾರ ಇಂಟರ್ನಲ್ ಮಾರ್ಕ್ಸ್ ಹಾಕುವುದು ಇಬ್ಬರಿಗೂ ಹಿಂಸೆ. ಶಿಸ್ತು ಕ್ರಮದ ಭಾಗವಾಗಿ ಕೌನ್ಸೆಲಿಂಗಿಗೆ ಕಳಿಸುವುದೂ ಅಷ್ಟೇ. ಜಗಳ ಆಡಿದವನಿಗೆ ಸಸ್ಪೆನ್ಷನ್ ಜೊತೆಗೆ ಮೂರು ಸೆಷನ್! ಅವನು ಬರುತ್ತಾನೆ, ಗಡಿಯಾರ ನೋಡುತ್ತಾನೆ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಅಂಥವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ನನ್ನ ಪತ್ರದಲ್ಲಿ ಬಂದ ದಿನಾಂಕ ಬಿಟ್ಟು ಬೇರೇನೂ ಇರುವುದಿಲ್ಲ ಅಂತ. ಅದನ್ನು ಕೇಳಿದ ಮೇಲೆ ಒಬ್ಬಿಬ್ಬರು ಗಡಿಯಾರ ನೋಡುವುದನ್ನು ಬಿಟ್ಟಿದ್ದಾರೆ.

ಕೌನ್ಸೆಲರ್‌ಗಳು ಸಾಕಷ್ಟಿಲ್ಲ ಅನ್ನುವುದು ನಿಜ. 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬರು ಪೂರ್ಣಾವಧಿ ಕೌನ್ಸೆಲರ್ ಇರಲಿ ಅಂತ ಕಾಲೇಜು ಕೌನ್ಸೆಲಿಂಗ್ ಕೇಂದ್ರಗಳಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಹತ್ತಿರವೂ ಇಲ್ಲದ ಕಾಲೇಜುಗಳು ಬೇಕಾದಷ್ಟಿವೆ. ಆಗ ಗುಂಪು ಕೌನ್ಸೆಲಿಂಗ್, ತರಬೇತಿ ಪಡೆದ ವಿದ್ಯಾರ್ಥಿ ಸ್ವಯಂಸೇವಕರು ಅಂತ ಬೇರೆ ದಾರಿ ಹುಡುಕುತ್ತಾರೆ. ಎರಡೂ ಒಳ್ಳೆಯ ದಾರಿಗಳೇ. ಆದರೆ ಗುಂಪಿನಲ್ಲಿ ನನ್ನ ಬಾಯಿಗೆ ಮಾತ್ರ ನಾನು ಗ್ಯಾರಂಟಿ ಕೊಡಬಲ್ಲೆ, ಉಳಿದ ಎಂಟು ಬಾಯಿಗಳಿಗೆ ಅಲ್ಲ. ಅದನ್ನು ಮೊದಲ ದಿನವೇ ಹೇಳಬೇಕು. ಸ್ವಯಂಸೇವಕರಿಗೂ ಕೇಳಿಸಿಕೊಳ್ಳುವ ಕಲೆಗಿಂತ ಮೊದಲು, ಕೇಳಿದ್ದನ್ನು ರೂಮ್‌ಮೇಟ್‌ಗೆ ಹೇಳದಿರುವುದನ್ನು ಕಲಿಸಬೇಕು. ಇದು ಜಾಸ್ತಿ ಕಷ್ಟ.

ಆ್ಯಪ್‌ಗಳ ಜೊತೆ ಒಪ್ಪಂದ ಮಾಡಿಕೊಂಡು ಕೈತೊಳೆದುಕೊಳ್ಳುವ ಕಾಲೇಜುಗಳೂ ಇವೆ. ರಾತ್ರಿ ಎರಡು ಗಂಟೆಗೆ ಮಾತಾಡಲು ಯಾರಾದರೂ ಸಿಗುತ್ತಾರಲ್ಲ ಅನ್ನುವುದು ಅವರ ವಾದ. ಸರಿ, ಅದರ ಉಪಯೋಗ ನನಗೂ ಗೊತ್ತು. ಆದರೆ ಬೆಟರ್‌ಹೆಲ್ಪ್ ಅನ್ನುವ ದೊಡ್ಡ ಆನ್‌ಲೈನ್ ಕಂಪನಿಯ ಕಥೆ ನೋಡಿ. ಬಳಕೆದಾರರ ಮಾಹಿತಿಯನ್ನು ಗುಟ್ಟಾಗಿಡುತ್ತೇವೆ ಅಂತ ಹೇಳಿ, ಅದನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳ ಜೊತೆ ಹಂಚಿಕೊಂಡಿತ್ತು ಅನ್ನುವ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗ 2023ರಲ್ಲಿ ಅದರಿಂದ 78 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಫಿನ್ಲೆಂಡಿನ ವಸ್ತಾಮೊ ಅನ್ನುವ ಮನೋಚಿಕಿತ್ಸಾ ಕೇಂದ್ರಗಳ ಕಂಪನಿಯಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಕಳ್ಳರು ಸಾವಿರಾರು ಮಂದಿಯ ಚಿಕಿತ್ಸೆಯ ನೋಟ್ಸ್ ಕದ್ದು, 2020ರಲ್ಲಿ ರೋಗಿಗಳಿಗೇ ನೇರವಾಗಿ ಮೇಲ್ ಮಾಡಿ ದುಡ್ಡು ಕೇಳಿದರು. ಕೊಡದಿದ್ದರೆ ಎಲ್ಲ ಬಯಲು ಮಾಡುತ್ತೇವೆ ಅಂದರು. ಇದನ್ನು ಓದಿದ ಮೇಲೆ ನನ್ನ ನೋಟ್ಸ್ ಇನ್ನೂ ಚಿಕ್ಕದಾಯಿತು.

ಯಾರಾದರೂ ಮೊದಲ ಸಲ ಹೋಗಬೇಕು ಅಂತ ಯೋಚನೆ ಮಾಡುತ್ತಿದ್ದರೆ, ಕಷ್ಟ ಹೇಳಿಕೊಳ್ಳುವ ಮೊದಲೇ ಇಷ್ಟನ್ನು ಕೇಳಬಹುದು. ನಾನು ಬಂದಿದ್ದೇನೆ ಅಂತ ಯಾರಿಗೆಲ್ಲ ಗೊತ್ತಾಗುತ್ತೆ? ನೀವು ಏನು ಬರೆದುಕೊಳ್ಳುತ್ತೀರಿ, ಅದು ಎಲ್ಲಿರುತ್ತೆ, ಎಷ್ಟು ವರ್ಷ ಇರುತ್ತೆ? ಎಂಥ ಮಾತು ಬಂದರೆ ನೀವು ಬೇರೆಯವರಿಗೆ ಹೇಳಲೇಬೇಕು? ಹೇಳುವ ಮೊದಲು ನನಗೆ ತಿಳಿಸುತ್ತೀರಾ? ಹೆಸರು ಕೊಡದೆಯೂ ಇವನ್ನು ಫೋನಿನಲ್ಲಿ ಕೇಳಬಹುದು. ಒಳ್ಳೆಯ ಕೌನ್ಸೆಲರ್‌ಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ. ತಡವರಿಸಿದರೆ, ಅಥವಾ "ಅದೆಲ್ಲ ನಿಮಗ್ಯಾಕೆ?" ಅಂದರೆ, ಬೇರೆಯವರನ್ನು ಕೇಳಿ. ಕೌನ್ಸೆಲರ್ ಬದಲಾಯಿಸಿಕೊಳ್ಳುವುದಕ್ಕೆ ಕಾರಣ ಕೊಡಬೇಕಾಗಿಲ್ಲ. ಜೀವದ ಮೇಲೆ ಬಂದಿರುವ ಹೊತ್ತಿನಲ್ಲಿ ಮಾತ್ರ ಈ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು, ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಯಾರಿಗೆ ಗೊತ್ತಾಯಿತು ಅನ್ನುವ ಲೆಕ್ಕ ಆಮೇಲೆ ಮಾಡಿಕೊಳ್ಳಬಹುದು.